ಮಂಡಿ, ಮುಂಗಡ, ತೋಟ: ಕಾಲ್ ಆಫ್ ಡ್ಯೂಟಿ ವ್ಯಾಜ್ಯದ ಪ್ರಕರಣ ಅಧ್ಯಯನ

ನನ್ನ ಅಕ್ಕನ ಮಗನ ಮನೆಯಲ್ಲಿ ಟಿವಿಯ ಕೆಳಗೆ ಕೂತಿರುವುದು ಸೋನಿ ಕಂಪನಿಯ ಗೇಮ್ ಪೆಟ್ಟಿಗೆ (ಕನ್ಸೋಲ್) ಪ್ಲೇಸ್ಟೇಷನ್ 5. ಅವನ ಜೊತೆ ಪಿಯುಸಿ ಓದಿದ ಗೆಳೆಯ ಪುಣೆಯಲ್ಲಿದ್ದಾನೆ, ಅವನದು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್. ಶನಿವಾರ ರಾತ್ರಿ ಊಟ ಮುಗಿಸಿ ಇಬ್ಬರೂ ಹೆಡ್‌ಫೋನ್ ಏರಿಸಿಕೊಂಡರೆ ಆಡುವುದು ಕಾಲ್ ಆಫ್ ಡ್ಯೂಟಿ. ಯುದ್ಧದ ಆಟದ ಮೇಲೆ ಇಬ್ಬರಿಗೂ ವಿಶೇಷ ಮೋಹವೇನಿಲ್ಲ. ಆದರೆ 2019ರಿಂದ ಈ ಸರಣಿಯಲ್ಲಿ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಪಿಸಿ ಎಂಬ ಭೇದವಿಲ್ಲದೆ ಎಲ್ಲರೂ ಒಂದೇ ಕಣಕ್ಕೆ ಇಳಿಯಬಹುದು. ಪೆಟ್ಟಿಗೆ ಬೇರೆಯಾದ ಗೆಳೆಯರಿಗೆ ಅದು ದೊಡ್ಡ ಸೌಕರ್ಯ. 2022ರ ಜನವರಿಯಲ್ಲಿ ಅವನು ಫೋನ್ ಮಾಡಿ ಕೇಳಿದ್ದ: “ಮಾಮಾ, ಮೈಕ್ರೋಸಾಫ್ಟ್‌ನವರು ಆ ಆಟದ ಕಂಪನಿಯನ್ನೇ ಕೊಳ್ಳುತ್ತಾರಂತೆ. ಇನ್ನು ನನ್ನದರಲ್ಲಿ ಬರುವುದಿಲ್ಲವೇ?”

ಇದೇ ಪ್ರಶ್ನೆಯನ್ನು ಮುಂದಿನ ಇಪ್ಪತ್ತೊಂದು ತಿಂಗಳು ವಾಷಿಂಗ್ಟನ್, ಲಂಡನ್, ಬ್ರಸೆಲ್ಸ್‌ಗಳಲ್ಲಿ ವಕೀಲರ ದಂಡು ಕೇಳಿತು. ಸಿಕ್ಕ ಉತ್ತರ ಸರಿಯಾಗಿಯೇ ಇತ್ತು. ಕೇಳಿದ ಪ್ರಶ್ನೆ ಸರಿಯಿತ್ತೇ ಎಂಬುದರ ಬಗ್ಗೆ ನನಗೆ ತಕರಾರಿದೆ. ಅದಕ್ಕಾಗಿಯೇ ಈ ಪ್ರಕರಣವನ್ನು ಮೊದಲಿನಿಂದ ಬಿಡಿಸಿ ಬರೆಯುತ್ತಿದ್ದೇನೆ.

ವ್ಯವಹಾರ

2022ರ ಜನವರಿ 18ರಂದು ಮೈಕ್ರೋಸಾಫ್ಟ್ ಆ್ಯಕ್ಟಿವಿಷನ್ ಬ್ಲಿಝಾರ್ಡ್ ಕಂಪನಿಯನ್ನು 6,870 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಪ್ರಕಟಿಸಿತು. ಷೇರೊಂದಕ್ಕೆ 95 ಡಾಲರ್, ಪೂರ್ತಿ ನಗದು. ವಿಡಿಯೊ ಗೇಮ್ ಉದ್ಯಮದಲ್ಲಿ ಅಷ್ಟು ದೊಡ್ಡ ಖರೀದಿ ಅದುವರೆಗೆ ನಡೆದಿರಲಿಲ್ಲ. ಆ್ಯಕ್ಟಿವಿಷನ್ ಆಗ ನೆಮ್ಮದಿಯಲ್ಲಿರಲಿಲ್ಲ. 2021ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಇಲಾಖೆಯೊಂದು ಮಹಿಳಾ ಉದ್ಯೋಗಿಗಳ ಮೇಲಿನ ಕಿರುಕುಳ, ತಾರತಮ್ಯದ ಆರೋಪ ಹೊರಿಸಿ ಅದರ ಮೇಲೆ ದಾವೆ ಹೂಡಿತ್ತು. ಷೇರು ಕುಸಿದಿತ್ತು, ಮುಖ್ಯಸ್ಥ ಬಾಬಿ ಕೋಟಿಕ್ ಕೆಳಗಿಳಿಯಲಿ ಎಂದು ನೌಕರರೇ ಹೊರಗೆ ಬಂದು ನಿಂತಿದ್ದರು. ಬೆಲೆ ಇಳಿದಾಗ ಕೊಳ್ಳುವುದು ವ್ಯಾಪಾರಿಯ ಲಕ್ಷಣ, ಅಲ್ಲಿಯವರೆಗೆ ಆಶ್ಚರ್ಯಪಡುವಂಥದ್ದೇನಿಲ್ಲ.

ಕೊಂಡದ್ದರಲ್ಲಿ ಡಯಾಬ್ಲೊ, ವಾರ್‌ಕ್ರಾಫ್ಟ್, ಮೊಬೈಲ್‌ನ ಕ್ಯಾಂಡಿ ಕ್ರಷ್ ಎಲ್ಲವೂ ಇದ್ದವು. ಆದರೆ ಜಗಳ ನಡೆದದ್ದು ಒಂದೇ ಆಟದ ಹೆಸರಿನಲ್ಲಿ. 2003ರಲ್ಲಿ ಹುಟ್ಟಿದ ಕಾಲ್ ಆಫ್ ಡ್ಯೂಟಿ ಪ್ರತಿ ವರ್ಷ ಸುಗ್ಗಿಯಂತೆ ಹೊಸ ಕಂತು ತರುತ್ತದೆ. ಎಕ್ಸ್‌ಬಾಕ್ಸ್ ಒಡೆಯ ಅದನ್ನು ಪ್ಲೇಸ್ಟೇಷನ್‌ಗೆ ಕೊಡುವುದಿಲ್ಲ ಎಂದುಬಿಟ್ಟರೆ?

ಮಂಡಿಯ ಲೆಕ್ಕ

ಎಕ್ಸ್‌ಕ್ಲೂಸಿವ್ ಎಂದರೆ ಒಂದೇ ಪೆಟ್ಟಿಗೆಗೆ ಕಟ್ಟಿಹಾಕಿದ ಆಟ. ಅದನ್ನು ಯಾಕೆ ಕಟ್ಟುತ್ತಾರೆ ಎಂಬುದು ಅರ್ಥವಾಗಬೇಕಾದರೆ ಪೆಟ್ಟಿಗೆಯ ವ್ಯಾಪಾರ ಗೊತ್ತಿರಬೇಕು. ಎಕ್ಸ್‌ಬಾಕ್ಸ್ ಯಂತ್ರವನ್ನು ಲಾಭಕ್ಕೆ ಮಾರಿದ್ದೇ ಇಲ್ಲವೆಂದು ಮೈಕ್ರೋಸಾಫ್ಟ್‌ನ ಅಧಿಕಾರಿಯೊಬ್ಬರು 2021ರಲ್ಲಿ ಎಪಿಕ್ ಮತ್ತು ಆ್ಯಪಲ್ ನಡುವಿನ ವ್ಯಾಜ್ಯದಲ್ಲಿ ಸಾಕ್ಷಿ ನುಡಿದಿದ್ದರು. ದುಡ್ಡು ಹುಟ್ಟುವುದು ಆಮೇಲೆ. ಆ ಪೆಟ್ಟಿಗೆಯ ಅಂಗಡಿಯಲ್ಲಿ ಯಾರು ಯಾವ ಆಟ ಮಾರಿದರೂ ನೂರಕ್ಕೆ ಸುಮಾರು ಮೂವತ್ತು ಪೆಟ್ಟಿಗೆಯ ಒಡೆಯನಿಗೆ. ಆದ್ದರಿಂದ ಮೊದಲ ಕೆಲಸ ಹೇಗಾದರೂ ಗಿರಾಕಿಯನ್ನು ಒಳಗೆ ಕರೆಯುವುದು.

ಮಲೆನಾಡಿನ ಅಡಿಕೆ ಮಂಡಿ ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮಂಡಿಯ ಸಾಹುಕಾರ ಬೆಳೆಗಾರನಿಗೆ ಮಳೆಗಾಲದಲ್ಲಿ ಮುಂಗಡ ಕೊಡುತ್ತಾನೆ, ಕೊಯ್ಲಾದ ಮೇಲೆ ಮೂಟೆ ಅವನ ಮಂಡಿಗೇ ಇಳಿಯುತ್ತದೆ. ಆಟದ ವ್ಯಾಪಾರದಲ್ಲೂ ಮೂರು ದಾರಿಗಳಿವೆ. ಒಂದು, ಸ್ವಂತ ತೋಟದಲ್ಲಿ ಬೆಳೆಯುವುದು. ನಿಂಟೆಂಡೊ ಮಾರಿಯೊವನ್ನು ಬೆಳೆದದ್ದು ಹೀಗೆ. ಎರಡು, ಬೇರೆಯವರ ಬೆಳೆಗೆ ಮುಂಗಡ ಕೊಟ್ಟು ಒಂದು ವರ್ಷದ ಮಟ್ಟಿಗಾದರೂ ಎದುರಿನ ಮಂಡಿಗೆ ಹೋಗದಂತೆ ನೋಡಿಕೊಳ್ಳುವುದು. ಮೂರು, ತೋಟವನ್ನೇ ಕೊಂಡುಬಿಡುವುದು.

ಮೂರನೆಯ ದಾರಿಯಲ್ಲಿ ಮೈಕ್ರೋಸಾಫ್ಟ್ ಹಳಬ. 1999ರಲ್ಲಿ ಸ್ಟೀವ್ ಜಾಬ್ಸ್ ಮ್ಯಾಕ್ ಅಭಿಮಾನಿಗಳ ಸಮಾವೇಶದ ವೇದಿಕೆಯಲ್ಲಿ ಬಂಜಿ ಎಂಬ ಕಂಪನಿಯ ಹೊಸ ಆಟವನ್ನು ತೋರಿಸಿದ್ದರು. ಮರುವರ್ಷ ಮೈಕ್ರೋಸಾಫ್ಟ್ ಬಂಜಿಯನ್ನೇ ಕೊಂಡಿತು. 2001ರ ನವೆಂಬರ್‌ನಲ್ಲಿ ಆ ಆಟ, ಹೇಲೊ, ಮೊದಲ ಎಕ್ಸ್‌ಬಾಕ್ಸ್‌ನ ಜೊತೆ ಅದರ ಕಳಶದಂತೆ ಬಂತು. ಎಕ್ಸ್‌ಬಾಕ್ಸ್ ಎಂದರೆ ಹೇಲೊ ಎಂದಾಯಿತು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಕಟ್ಟಿಹಾಕುವುದೆಲ್ಲ ದುಷ್ಟತನ ಎನ್ನುವ ಪೈಕಿ ನಾನಲ್ಲ. ಸೋನಿಯ ದೊಡ್ಡ ಕಥಾ ಆಟಗಳನ್ನು ಯಾರಾದರೂ ಅಷ್ಟು ದುಡ್ಡು ಸುರಿದು ಮಾಡಿದ್ದರೆ ಅದು ಪೆಟ್ಟಿಗೆ ಮಾರಾಟವಾಗಲಿ ಎಂಬ ಆಸೆಯಿಂದ. ಬರೀ ಆಟದ ಲೆಕ್ಕ ನೋಡುವ ಪ್ರಕಾಶಕ ಅಂಥ ಸಾಹಸಕ್ಕೆ ಕೈಹಾಕುವುದು ಅನುಮಾನ. ಮುಂಗಡ ಕೊಟ್ಟ ಸಾಹುಕಾರನನ್ನು ಬೆಳೆಗಾರ ಬೈಯುತ್ತಾನೆ, ಆದರೆ ಮಗಳ ಮದುವೆಗೆ ಅವನ ಬಾಗಿಲಿಗೇ ಹೋಗುತ್ತಾನೆ.

ಹಳೆಯ ಒಂದು ಖರೀದಿ

ಆ್ಯಕ್ಟಿವಿಷನ್ ಪ್ರಕರಣದ ಬೇರು 2020ರ ಸೆಪ್ಟೆಂಬರ್‌ನಲ್ಲಿದೆ. ಆಗ ಮೈಕ್ರೋಸಾಫ್ಟ್ ಬೆಥೆಸ್ಡಾ ಎಂಬ ಆಟದ ಕಂಪನಿಯ ಮಾತೃಸಂಸ್ಥೆ ಝೆನಿಮ್ಯಾಕ್ಸ್ ಅನ್ನು 750 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಹೇಳಿತು. ಯುರೋಪಿಯನ್ ಕಮಿಷನ್ 2021ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆಮೇಲೆ ಸ್ಟಾರ್‌ಫೀಲ್ಡ್, ರೆಡ್‌ಫಾಲ್ ಎಂಬ ಎರಡು ಆಟಗಳು ಪ್ಲೇಸ್ಟೇಷನ್‌ಗೆ ಬರುವುದಿಲ್ಲ ಎಂದಾಯಿತು. ವ್ಯಾಪಾರದ ಸ್ಪರ್ಧೆಯನ್ನು ಕಾಯುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಅಂದರೆ ಎಫ್‌ಟಿಸಿ, ಇದನ್ನೇ ಹಿಡಿದು, ಆಟ ತಡೆಹಿಡಿಯುವುದಿಲ್ಲವೆಂದು ಯುರೋಪಿಗೆ ಭರವಸೆ ಕೊಟ್ಟಿದ್ದರು, ‘ಹಿಂದೆ ಮಾತು ತಪ್ಪಿದವರು ಮುಂದೆಯೂ ತಪ್ಪುತ್ತಾರೆ’ ಎಂಬ ಧಾಟಿಯಲ್ಲಿ ವಾದಿಸಿತು. ಆ ವಾದ ಬೇಗನೆ ಸೊರಗಿತು. ಮೈಕ್ರೋಸಾಫ್ಟ್ ತನಗೆ ಅಂಥ ವಚನವನ್ನೇನೂ ಕೊಟ್ಟಿರಲಿಲ್ಲ, ತನ್ನ ಒಪ್ಪಿಗೆ ಅದರ ಮೇಲೆ ನಿಂತೂ ಇರಲಿಲ್ಲ ಎಂದು ಯುರೋಪಿಯನ್ ಕಮಿಷನ್ನೇ ಸ್ಪಷ್ಟಪಡಿಸಿತು.

ಆಗಿನ ಎಕ್ಸ್‌ಬಾಕ್ಸ್ ಮುಖ್ಯಸ್ಥ ಫಿಲ್ ಸ್ಪೆನ್ಸರ್ ನ್ಯಾಯಾಲಯದಲ್ಲಿ ಹೇಳಿದ ಕಾರಣ ನನಗೆ ಹೆಚ್ಚು ಕುತೂಹಲದ್ದು. ಬೆಥೆಸ್ಡಾದ ಡೆತ್‌ಲೂಪ್ ಮತ್ತು ಘೋಸ್ಟ್‌ವೈರ್ ಆಟಗಳು ಎಕ್ಸ್‌ಬಾಕ್ಸ್‌ಗೆ ಬಾರದಂತೆ ಸೋನಿ ದುಡ್ಡು ಕೊಟ್ಟಿತ್ತು, ಸ್ಟಾರ್‌ಫೀಲ್ಡ್ ಕೂಡ ಕೈತಪ್ಪಬಹುದು ಎಂಬ ಸುದ್ದಿ ಕಿವಿಗೆ ಬಿತ್ತು, ಹಾಗಾಗಿ ಕೊಂಡೆವು. ಎದುರಿನ ಮಂಡಿಯವನು ಮುಂಗಡ ಕೊಟ್ಟನೆಂದು ಇವನು ತೋಟವನ್ನೇ ಬರೆಸಿಕೊಂಡ. ಇದರಲ್ಲೊಂದು ತಮಾಷೆಯೂ ನಡೆದುಹೋಯಿತು. ಖರೀದಿ ಮುಗಿದ ಮೇಲೂ ಹಳೆಯ ಕರಾರಿಗೆ ತಲೆಬಾಗಲೇಬೇಕಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಡೆತ್‌ಲೂಪ್ ಬಂದಾಗ ಅದರ ಒಡೆಯ ಮೈಕ್ರೋಸಾಫ್ಟ್, ಆದರೆ ಕನ್ಸೋಲ್‌ಗಳ ಪೈಕಿ ಆಡಲು ಸಿಕ್ಕಿದ್ದು ಪ್ಲೇಸ್ಟೇಷನ್ 5ರಲ್ಲಿ ಮಾತ್ರ.

ಎರಡು ನಾಲಿಗೆ

ಸೋನಿ ಶುರುವಿನಿಂದಲೂ ಈ ಖರೀದಿಯನ್ನು ವಿರೋಧಿಸಿತು. ಈಗಿನ ಕರಾರು ಮುಗಿದ ಮೇಲೆ ಮೂರು ವರ್ಷ ಆಟ ಕೊಡುತ್ತೇವೆ ಎಂದು ಮೈಕ್ರೋಸಾಫ್ಟ್ ಹೇಳಿದ್ದನ್ನು ಪ್ಲೇಸ್ಟೇಷನ್ ಮುಖ್ಯಸ್ಥ ಜಿಮ್ ರಯಾನ್ 2022ರ ಸೆಪ್ಟೆಂಬರ್‌ನಲ್ಲಿ ಬಹಿರಂಗವಾಗಿ ತಳ್ಳಿಹಾಕಿದರು. ಆಮೇಲೆ ಅದು ಹತ್ತು ವರ್ಷಕ್ಕೆ ಏರಿತು. ನಿಂಟೆಂಡೊ 2023ರ ಫೆಬ್ರವರಿಯಲ್ಲಿ ಸಹಿ ಹಾಕಿತು, ಎನ್‌ವಿಡಿಯಾ ಹಾಕಿತು. ಸೋನಿ ಹಾಕಲಿಲ್ಲ. ಹತ್ತು ವರ್ಷ ಆಟ ಕೊಟ್ಟರೂ ಕೆಟ್ಟ ಆಟ ಕೊಟ್ಟರೆ ಏನು ಮಾಡುವುದು ಎಂದು ಅದು ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ಸಿಎಂಎಗೆ ಬರೆದುಕೊಟ್ಟಿತು. ಪ್ಲೇಸ್ಟೇಷನ್ ಆವೃತ್ತಿಯ ಕೊನೆಯ ಹಂತದಲ್ಲಿ ಮಾತ್ರ, ಅಥವಾ ನಂತರದ ಅಪ್‌ಡೇಟ್‌ಗಳಲ್ಲಿ ಮಾತ್ರ ದೋಷಗಳು ಕಾಣಿಸಿಕೊಳ್ಳುವಂತೆ ಮೈಕ್ರೋಸಾಫ್ಟ್ ಮಾಡಬಹುದು ಎಂಬುದು ಆ ಬರಹದ ಒಂದು ಉದಾಹರಣೆ. ನೆಂಟರಿಗೆ ಪಾಯಸ ಬಡಿಸಿ ತಳದಲ್ಲಿ ಕಲ್ಲು ಹಾಕುವ ಈ ಕಲ್ಪನೆಗೆ ಗೇಮರ್‌ಗಳು ವಾರಗಟ್ಟಲೆ ನಕ್ಕರು. ನನಗೆ ಅದು ಅಷ್ಟೇನೂ ಹುಚ್ಚು ಅನಿಸಲಿಲ್ಲ. ಕರಾರಿನಲ್ಲಿ ‘ಕೊಡಬೇಕು’ ಎಂದು ಬರೆಯಬಹುದು, ‘ಮನಸ್ಸಿಟ್ಟು ಕೊಡಬೇಕು’ ಎಂದು ಬರೆಯುವುದು ಹೇಗೆ?

ಮೈಕ್ರೋಸಾಫ್ಟ್ ಕೂಡ ನಗೆಪಾಟಲಿಗೆ ಈಡಾಗದೆ ಉಳಿಯಲಿಲ್ಲ. 6,870 ಕೋಟಿ ಡಾಲರ್ ಕೊಟ್ಟು ಕೊಳ್ಳುತ್ತಿರುವ ಕಂಪನಿಯ ಆಟಗಳಲ್ಲಿ ‘ಇದಿಲ್ಲದೆ ಆಗದು’ ಎನ್ನುವಂಥ ವಿಶೇಷವೇನೂ ಇಲ್ಲ ಎಂದು ಅದು ನ್ಯೂಜಿಲೆಂಡ್‌ನ ಪ್ರಾಧಿಕಾರಕ್ಕೆ ಬರೆದುಕೊಟ್ಟಿತು. ಬ್ರೆಜಿಲ್‌ಗೆ ಕೊಟ್ಟ ಉತ್ತರದಲ್ಲಿ ಹಿಂದಿನ ತಲೆಮಾರಿನಲ್ಲಿ ಸೋನಿ ತನಗಿಂತ ಎರಡು ಪಟ್ಟಿಗೂ ಹೆಚ್ಚು ಪೆಟ್ಟಿಗೆ ಮಾರಿದೆ ಎಂದು ಒಪ್ಪಿಕೊಂಡಿತು. ತನ್ನ ಗೇಮ್ ಪಾಸ್ ಚಂದಾ ಸೇವೆಗೆ ಆಟ ಸೇರದಂತೆ ತಡೆಯಲು ಸೋನಿ ದುಡ್ಡು ಕೊಡುತ್ತದೆ ಎಂಬ ಆರೋಪವನ್ನೂ ಹೊರಿಸಿತು. ಮದುವೆ ಮಾತುಕತೆಯಲ್ಲಿ ಹುಡುಗನಿಗೆ ಸಂಬಳ ಹೆಚ್ಚು ಎನ್ನುವ ಕಂಪನಿಗಳು ಪ್ರಾಧಿಕಾರದ ಮುಂದೆ ಬಂದೊಡನೆ ಬಡತನದ ಸರ್ಟಿಫಿಕೇಟ್ ಹುಡುಕುತ್ತವೆ.

ಬ್ರೆಜಿಲ್ 2022ರ ಅಕ್ಟೋಬರ್‌ನಲ್ಲೇ ಒಪ್ಪಿಗೆ ಕೊಟ್ಟಿತು. ಪ್ಲೇಸ್ಟೇಷನ್ ಗಿರಾಕಿಗಳು ಕೆಲವರು ಎಕ್ಸ್‌ಬಾಕ್ಸ್‌ಗೆ ಹೋಗಬಹುದು, ಆದರೆ ನಮ್ಮ ಕೆಲಸ ಸ್ಪರ್ಧೆಯನ್ನು ಕಾಯುವುದು, ನಿರ್ದಿಷ್ಟ ಸ್ಪರ್ಧಿಯ ಹಿತವನ್ನಲ್ಲ ಎಂಬುದು ಅದರ ತೀರ್ಪಿನ ಸಾರ. ಕನ್ನಡಿಗರಿಗೆ ಈ ವಾದ ಹೊಸದಲ್ಲ. ಡಬ್ಬಿಂಗ್ ಚಿತ್ರಗಳನ್ನು ತಡೆಯುತ್ತಿದ್ದಾರೆ ಎಂದು ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟಾಗ, 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. ಉದ್ಯಮ ಉಳಿಯಬೇಕೆಂದು ಒಂದು ಕಡೆ, ನೋಡುವವನಿಗೆ ಆಯ್ಕೆ ಬೇಕೆಂದು ಇನ್ನೊಂದು ಕಡೆ. ವಾದದ ಹಂದರ ಅದೇ, ಮೇಲಿನ ಬಳ್ಳಿ ಬೇರೆ.

ಲಂಡನ್

ಸಿಎಂಎ ಮೊದಲು ಕನ್ಸೋಲ್ ಬಗ್ಗೆಯೇ ಆತಂಕಪಟ್ಟಿತ್ತು. 2023ರ ಮಾರ್ಚ್‌ನಲ್ಲಿ ಲೆಕ್ಕ ತಿದ್ದಿಕೊಂಡು, ಪ್ಲೇಸ್ಟೇಷನ್‌ನಿಂದ ಆಟ ಕಿತ್ತುಕೊಂಡರೆ ಮೈಕ್ರೋಸಾಫ್ಟ್‌ಗೆ ಲಾಭಕ್ಕಿಂತ ನಷ್ಟವೇ ಹೆಚ್ಚು ಎಂದು ಆ ಆತಂಕವನ್ನು ಕೈಬಿಟ್ಟಿತು. ಎಲ್ಲರೂ ನಿಟ್ಟುಸಿರು ಬಿಡುವಷ್ಟರಲ್ಲಿ, ಏಪ್ರಿಲ್ 26ರಂದು, ಕ್ಲೌಡ್ ಗೇಮಿಂಗ್‌ನ ಕಾರಣ ಕೊಟ್ಟು ಇಡೀ ವ್ಯವಹಾರಕ್ಕೆ ತಡೆ ಹಾಕಿತು. ಪೆಟ್ಟಿಗೆಯೇ ಬೇಡ, ಆಟ ದೂರದ ಸರ್ವರ್‌ನಲ್ಲಿ ಓಡಿ ಚಿತ್ರ ಮಾತ್ರ ನಿಮ್ಮ ಪರದೆಗೆ ಬರುವ ವ್ಯವಸ್ಥೆ ಅದು. ಆ ಮಾರುಕಟ್ಟೆ ಇನ್ನೂ ಮೊಳಕೆ. ಗೂಗಲ್ ತನ್ನ ಸ್ಟೇಡಿಯಾ ಸೇವೆಗೆ ಅದೇ ಜನವರಿಯಲ್ಲಿ ಬೀಗ ಹಾಕಿತ್ತು. ಯುರೋಪಿಯನ್ ಕಮಿಷನ್ ಅದೇ ಕ್ಲೌಡ್ ಆತಂಕಕ್ಕೆ ಹತ್ತು ವರ್ಷದ ಪರವಾನಗಿ ವಚನ ಪಡೆದು ಮೇ 15ರಂದು ಸರಿ ಎಂದಿತು. ಒಂದೇ ರೋಗ, ಇಬ್ಬರು ವೈದ್ಯರು. ಒಬ್ಬರು ಮಾತ್ರೆ ಕೊಟ್ಟರು, ಇನ್ನೊಬ್ಬರು ಕಾಲು ಕತ್ತರಿಸಬೇಕೆಂದರು.

ಸ್ಯಾನ್ ಫ್ರಾನ್ಸಿಸ್ಕೊದ ಐದು ದಿನ

ಲೀನಾ ಖಾನ್ ಅಧ್ಯಕ್ಷತೆಯ ಎಫ್‌ಟಿಸಿ 2022ರ ಡಿಸೆಂಬರ್‌ನಲ್ಲಿ ದೂರು ದಾಖಲಿಸಿತ್ತು. ವ್ಯವಹಾರ ಮುಗಿಸಲು ಹಾಕಿಕೊಂಡಿದ್ದ ಗಡುವು 2023ರ ಜುಲೈ 18. ತಪ್ಪಿದರೆ ಮೈಕ್ರೋಸಾಫ್ಟ್ ಆ್ಯಕ್ಟಿವಿಷನ್‌ಗೆ 300 ಕೋಟಿ ಡಾಲರ್ ತನಕ ಪರಿಹಾರ ಕೊಡಬೇಕಾಗಬಹುದಿತ್ತು. ಆದ್ದರಿಂದ ಜೂನ್ ಕೊನೆಯಲ್ಲಿ ತಡೆಯಾಜ್ಞೆಯ ವಿಚಾರಣೆ ಸ್ಯಾನ್ ಫ್ರಾನ್ಸಿಸ್ಕೊದ ಫೆಡರಲ್ ನ್ಯಾಯಾಲಯದಲ್ಲಿ ನ್ಯಾಯಾಧೀಶೆ ಜಾಕ್ವೆಲಿನ್ ಸ್ಕಾಟ್ ಕಾರ್ಲಿ ಅವರ ಮುಂದೆ ತುರ್ತಾಗಿ ಐದು ದಿನ ನಡೆಯಿತು. ಈ ಉದ್ಯಮದ ಒಳಮನೆ ಅಷ್ಟು ತೆರೆದುಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊದಲು ಮಿಂಚಂಚೆಗಳು. ವ್ಯವಹಾರ ಪ್ರಕಟವಾದ ಎರಡೇ ದಿನಕ್ಕೆ ಜಿಮ್ ರಯಾನ್ ತಮ್ಮ ಹಳೆಯ ಸಹೋದ್ಯೋಗಿಗೆ ಬರೆದಿದ್ದರು: ಇದು ಆಟ ಕಟ್ಟಿಹಾಕುವ ಹೂಟವೇ ಅಲ್ಲ, ಅವರ ಯೋಚನೆ ಅದಕ್ಕಿಂತ ದೊಡ್ಡದು, ಕಾಲ್ ಆಫ್ ಡ್ಯೂಟಿ ಇನ್ನೂ ಬಹಳ ವರ್ಷ ಪ್ಲೇಸ್ಟೇಷನ್‌ನಲ್ಲಿ ಇರುವುದು ಹೆಚ್ಚುಕಡಿಮೆ ಖಚಿತ. ಅಂದರೆ ಹೊರಗೆ ಹದಿನೇಳು ತಿಂಗಳು ಕೂಗಿದ ಭಯ ಒಳಗೆ ಮೊದಲ ವಾರದಲ್ಲಿ ಇರಲಿಲ್ಲ. ಇತ್ತ ಎಫ್‌ಟಿಸಿ ಕೂಡ ಒಂದು ಮಿಂಚಂಚೆ ಹೊರತೆಗೆಯಿತು. ಎಕ್ಸ್‌ಬಾಕ್ಸ್‌ನ ಹಿರಿಯ ಅಧಿಕಾರಿ ಮ್ಯಾಟ್ ಬೂಟಿ 2019ರಲ್ಲಿ, ದುಡ್ಡು ಸುರಿದೇ ಸೋನಿಯನ್ನು ವ್ಯಾಪಾರದಿಂದ ಹೊರಗಟ್ಟುವ ಸ್ಥಿತಿಯಲ್ಲಿ ನಾವಿದ್ದೇವೆ ಎಂಬರ್ಥದ ಮಾತು ಬರೆದಿದ್ದರು. ಅದು ಹಳೆಯ ಸಂದರ್ಭದ ಮಾತು, ಈ ಖರೀದಿಗೆ ಸಂಬಂಧವಿಲ್ಲ ಎಂದಿತು ಮೈಕ್ರೋಸಾಫ್ಟ್. ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂದಿತ್ತು ಎಂದು ನಾನು ಓದಿಕೊಂಡೆ.

ಆಮೇಲೆ ಕಪ್ಪು ಮಸಿಯ ಪ್ರಸಂಗ. ಸೋನಿ ಸಲ್ಲಿಸಿದ ಕಾಗದಗಳಲ್ಲಿ ವ್ಯಾಪಾರದ ಗುಟ್ಟುಗಳನ್ನು ಯಾರೋ ದಪ್ಪ ಮಾರ್ಕರ್ ಪೆನ್ನಿನಿಂದ ಬಳಿದು ಮುಚ್ಚಿದ್ದರು. ಸ್ಕ್ಯಾನ್ ಮಾಡಿದ ಪುಟವನ್ನು ಹಿಗ್ಗಿಸಿ ನೋಡಿದರೆ ಮಸಿಯ ಕೆಳಗೆ ಅಕ್ಷರಗಳು ಹಾಗೆಯೇ ಕಾಣುತ್ತಿದ್ದವು. ನ್ಯಾಯಾಲಯ ಅವನ್ನು ಹಿಂದಕ್ಕೆ ಪಡೆಯುವಷ್ಟರಲ್ಲಿ ಪತ್ರಕರ್ತರು ಓದಿ ಮುಗಿಸಿದ್ದರು. ದಿ ಲಾಸ್ಟ್ ಆಫ್ ಅಸ್ ಎರಡನೆಯ ಭಾಗಕ್ಕೆ ತಗಲಿದ್ದು 22 ಕೋಟಿ ಡಾಲರ್; ಹೊರೈಝನ್ ಫರ್ಬಿಡನ್ ವೆಸ್ಟ್‌ಗೆ 21.2 ಕೋಟಿ. 2021ರಲ್ಲಿ ಪ್ಲೇಸ್ಟೇಷನ್‌ನ 1.4 ಕೋಟಿಗೂ ಹೆಚ್ಚು ಬಳಕೆದಾರರು ಆಟದ ಸಮಯದ ಮೂವತ್ತು ಪ್ರತಿಶತ ಅಥವಾ ಇನ್ನೂ ಹೆಚ್ಚನ್ನು ಕಾಲ್ ಆಫ್ ಡ್ಯೂಟಿಗೆ ಕೊಟ್ಟಿದ್ದರು, 60 ಲಕ್ಷಕ್ಕೂ ಹೆಚ್ಚು ಜನ ಎಪ್ಪತ್ತು ಪ್ರತಿಶತಕ್ಕಿಂತ ಹೆಚ್ಚನ್ನು. ಸುಮಾರು 10 ಲಕ್ಷ ಜನ ಬೇರೆ ಏನನ್ನೂ ಆಡಿರಲೇ ಇಲ್ಲ.

ಆ ಕೊನೆಯ ಸಂಖ್ಯೆಯ ಮುಂದೆ ನಾನು ಸ್ವಲ್ಪ ಹೊತ್ತು ನಿಂತೆ. ಹತ್ತು ಲಕ್ಷ ಮನೆಗಳಲ್ಲಿ ಆ ದುಬಾರಿ ಯಂತ್ರ ಒಂದೇ ಆಟದ ಪೆಟ್ಟಿಗೆ. ಅವರ ಮಟ್ಟಿಗೆ ಸೋನಿಯ ಭಯ ಸುಳ್ಳಲ್ಲ. ಆಟ ಎಲ್ಲಿಗೋ ಅವರು ಅಲ್ಲಿಗೆ. ಆದರೆ ಅದೇ ಸಂಖ್ಯೆಯನ್ನು ತಿರುಗಿಸಿ ನೋಡಿ. ಅಷ್ಟು ಗಿರಾಕಿಗಳು ಇರುವ ಮಂಡಿಗೆ ಬೆಳೆ ಕಳಿಸದೆ ಇರಲು ಯಾವ ಬೆಳೆಗಾರನಿಗೆ ಧೈರ್ಯ ಬಂದೀತು? ಹಾಗೆ ಮಾಡಿದರೆ ಆಡುವವರು ದಂಗೆಯೇಳುತ್ತಾರೆ ಎಂದು ಕೋಟಿಕ್ ಕೂಡ ಸಾಕ್ಷಿ ಕಟ್ಟೆಯಿಂದ ಹೇಳಿದರು.

22 ಕೋಟಿ ಡಾಲರ್ ಇನ್ನೊಂದು ಕಥೆ ಹೇಳುತ್ತದೆ. ಅಷ್ಟು ಖರ್ಚಿನ ಆಟವನ್ನು ಒಂದೇ ಪೆಟ್ಟಿಗೆಯವರಿಗೆ ಮಾರಿ ದುಡ್ಡು ಹುಟ್ಟಿಸುವುದು ವರ್ಷದಿಂದ ವರ್ಷಕ್ಕೆ ಕಷ್ಟ. ಸೋನಿ ತನ್ನ ಆಟಗಳನ್ನು ಒಂದೆರಡು ವರ್ಷ ತಡವಾಗಿ ಪಿಸಿಗೆ ತರಲು ಶುರುಮಾಡಿದ್ದು ಇದೇ ಕಾರಣಕ್ಕೆ. ಮೊದಲ ಹೊರೈಝನ್ 2020ರ ಆಗಸ್ಟ್‌ನಲ್ಲೇ ಪಿಸಿಗೆ ಬಂದಿತ್ತು. ನ್ಯಾಯಾಲಯದಲ್ಲಿ ವಕೀಲರು ಬೇಲಿಯ ಎತ್ತರ ಅಳೆಯುತ್ತಿದ್ದಾಗ ಹೊರಗೆ ಒಡೆಯರೇ ಬೇಲಿಯ ಒಂದೊಂದು ಗೂಟ ಕೀಳುತ್ತಿದ್ದರು.

ಮೈಕ್ರೋಸಾಫ್ಟ್ ಮುಖ್ಯಸ್ಥ ಸತ್ಯ ನಾದೆಲ್ಲಾ ಕಟಕಟೆಗೆ ಬಂದದ್ದು ವಿಚಾರಣೆಯ ಕೊನೆಯ ದಿನಗಳಲ್ಲಿ. ಹೈದರಾಬಾದಿನಲ್ಲಿ ಬೆಳೆದು ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಈ ಮನುಷ್ಯನಿಗೆ ಕ್ರಿಕೆಟ್‌ನಷ್ಟು ವಿಡಿಯೊ ಗೇಮ್ ಹುಚ್ಚಿದೆಯೆಂದು ಯಾರೂ ಹೇಳಿದ್ದಿಲ್ಲ. ತನ್ನ ಕೈಯಲ್ಲಿದ್ದರೆ ಕನ್ಸೋಲ್ ಎಕ್ಸ್‌ಕ್ಲೂಸಿವ್‌ಗಳನ್ನೆಲ್ಲ ತೆಗೆದುಹಾಕುತ್ತಿದ್ದೆ, ಆದರೆ ಪಾಲು ಕಡಿಮೆ ಇರುವ ತಾನು ಅದನ್ನು ನಿರ್ಧರಿಸಲಾಗದು. ಮಾರುಕಟ್ಟೆಯಲ್ಲಿ ಮೇಲಿರುವವರು ಸ್ಪರ್ಧೆಯನ್ನು ಹಾಗೆ ರೂಪಿಸಿದ್ದಾರೆ, ಆ ಲೋಕದ ಮೇಲೆ ತನಗೆ ಪ್ರೀತಿಯಿಲ್ಲ ಎಂದರು. ಮಾತು ಒಪ್ಪವಾಗಿತ್ತು. ಆದರೆ ಹಿಂದೆ ಬಿದ್ದವನ ವೈರಾಗ್ಯವನ್ನು ನಾನು ಪೂರ್ತಿ ನಂಬುವುದಿಲ್ಲ. ಹೇಲೊ ಜೋರಾಗಿ ಓಡುತ್ತಿದ್ದ ಕಾಲದಲ್ಲಿ ಮೈಕ್ರೋಸಾಫ್ಟ್‌ನ ಕೇಂದ್ರ ಕಚೇರಿಯಿರುವ ರೆಡ್ಮಂಡ್‌ನಿಂದ ಈ ತತ್ವ ಕೇಳಿಬಂದಿರಲಿಲ್ಲ. 1980ರ ದಶಕದಲ್ಲಿ ನಿಂಟೆಂಡೊ ಎಲ್ಲರಿಗಿಂತ ಮೇಲಿದ್ದಾಗ ತನ್ನ ಪೆಟ್ಟಿಗೆಗೆ ಬಂದ ಆಟ ಎರಡು ವರ್ಷ ಬೇರೆ ಪೆಟ್ಟಿಗೆಗೆ ಹೋಗಬಾರದೆಂದು ಕರಾರು ಬರೆಸಿಕೊಳ್ಳುತ್ತಿತ್ತು. ಗೆದ್ದವನು ಬೀಗ ಹಾಕುತ್ತಾನೆ, ಸೋತವನು ಬೀಗದ ವಿರುದ್ಧ ಭಾಷಣ ಮಾಡುತ್ತಾನೆ. ಸ್ಪೆನ್ಸರ್ ಇದಕ್ಕಿಂತ ನೇರವಾಗಿದ್ದರು: ಪ್ಲೇಸ್ಟೇಷನ್‌ನಲ್ಲಿ ನಾವು ಮಾರಿದ ಪ್ರತಿ ಆಟದ ಮೂವತ್ತು ಪ್ರತಿಶತ ಸೋನಿಗೆ, ಆ ದುಡ್ಡನ್ನು ಅವರು ಎಕ್ಸ್‌ಬಾಕ್ಸ್ ಉಳಿಯದಂತೆ ಮಾಡಲು ಬಳಸುತ್ತಾರೆ. ಕಾಲ್ ಆಫ್ ಡ್ಯೂಟಿಯನ್ನು ಪ್ಲೇಸ್ಟೇಷನ್‌ಗೆ ಕೊಡುತ್ತಲೇ ಇರುತ್ತೇವೆ ಎಂದು ಪ್ರಮಾಣದ ಮೇಲೆ ಹೇಳಿದ್ದೂ ಅವರೇ.

ರಯಾನ್ ಸಾಕ್ಷ್ಯ ವಿಡಿಯೊ ಮೂಲಕ ಬಂತು. ಸ್ಟಾರ್‌ಫೀಲ್ಡ್ ಎಕ್ಸ್‌ಬಾಕ್ಸ್‌ಗೆ ಮಾತ್ರ ಸೀಮಿತವಾದದ್ದು ಇಷ್ಟವಿಲ್ಲ, ಆದರೆ ಅದನ್ನು ಸ್ಪರ್ಧಾವಿರೋಧಿ ಎಂದು ಭಾವಿಸುವುದಿಲ್ಲ ಎಂದರು. ಎಫ್‌ಟಿಸಿಯ ವಾದದ ಒಂದು ಕಂಬವನ್ನು ಅದರದೇ ಪಕ್ಷದ ಸಾಕ್ಷಿ ಅಲ್ಲಾಡಿಸಿದಂತಾಯಿತು. ಆ ಉತ್ತರ ಪ್ರಾಮಾಣಿಕವಾದದ್ದು. ಎಕ್ಸ್‌ಕ್ಲೂಸಿವ್ ಮಾಡುವುದೇ ತಪ್ಪು ಎಂದರೆ ಮೊದಲ ಆರೋಪಿ ಸೋನಿಯೇ ಆಗಬೇಕಿತ್ತು.

ತೀರ್ಪು

ಜುಲೈ 11ರಂದು ಹೊರಬಿದ್ದ ಆದೇಶದಲ್ಲಿ ಕಾರ್ಲಿ ಎಫ್‌ಟಿಸಿಗೆ ತಡೆಯಾಜ್ಞೆ ಕೊಡಲಿಲ್ಲ. ನಿಂಟೆಂಡೊದ ಪೆಟ್ಟಿಗೆ ಸ್ವಿಚ್ ಅನ್ನು ಹೊರಗಿಟ್ಟು ಎಫ್‌ಟಿಸಿ ಕಟ್ಟಿದ ‘ಶಕ್ತಿಶಾಲಿ ಕನ್ಸೋಲ್’ ಮಾರುಕಟ್ಟೆಯನ್ನೇ ಒಪ್ಪಿಕೊಂಡರೂ, ಮೈಕ್ರೋಸಾಫ್ಟ್ ಆಟವನ್ನು ತಡೆಹಿಡಿಯುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ರಾಬಿನ್ ಲೀ ಮುಂದಿಟ್ಟ ಲೆಕ್ಕವೂ ನ್ಯಾಯಾಧೀಶೆಯನ್ನು ಒಪ್ಪಿಸಲಿಲ್ಲ. ಕಂಪನಿಯೊಳಗಿನ ಪತ್ರಗಳು ಎದುರು ದಿಕ್ಕನ್ನೇ ತೋರಿಸುತ್ತಿದ್ದವು; ಆಟ ಸ್ವಿಚ್‌ಗೂ ಕ್ಲೌಡ್‌ಗೂ ಹರಡುವ ಕರಾರುಗಳು ಕಣ್ಣೆದುರಿಗಿದ್ದವು.

ಐದು ದಿನದಲ್ಲಿ ಸೋನಿ ಹತ್ತು ವರ್ಷದ ಕರಾರಿಗೆ ಸಹಿ ಹಾಕಿತು. ಸಿಎಂಎ ಮನವೊಲಿಸಲು ಮೈಕ್ರೋಸಾಫ್ಟ್ ಮುಂದಿನ ಹದಿನೈದು ವರ್ಷಗಳಲ್ಲಿ ಬರುವ ಆ್ಯಕ್ಟಿವಿಷನ್ ಆಟಗಳೂ ಸೇರಿದಂತೆ, ಯುರೋಪಿಯನ್ ಆರ್ಥಿಕ ವಲಯದ ಹೊರಗಿನ ಕ್ಲೌಡ್ ಹಕ್ಕುಗಳನ್ನು ಯೂಬಿಸಾಫ್ಟ್ ಎಂಬ ಫ್ರೆಂಚ್ ಆಟದ ಕಂಪನಿಗೆ ಮಾರಿತು. ಅಕ್ಟೋಬರ್ 13ರಂದು ಸಿಎಂಎ ಒಪ್ಪಿತು, ಅದೇ ದಿನ ವ್ಯವಹಾರ ಮುಗಿಯಿತು. ಎಫ್‌ಟಿಸಿ ಮೇಲ್ಮನವಿ ಎಳೆದಾಡಿ 2025ರ ಮೇನಲ್ಲಿ ಸೋತು, ಅದೇ ತಿಂಗಳು ಪ್ರಕರಣವನ್ನೇ ಕೈಬಿಟ್ಟಿತು.

ಆಮೇಲೆ ಆದದ್ದು

ಕಿರಿದಾದ ಪ್ರಶ್ನೆಗೆ ಕಾರ್ಲಿ ಕೊಟ್ಟ ಉತ್ತರ ಸರಿಯಾಗಿತ್ತು ಎಂದು ನಂತರದ ಘಟನೆಗಳು ಹೇಳುತ್ತವೆ. ಕಾಲ್ ಆಫ್ ಡ್ಯೂಟಿ ಪ್ಲೇಸ್ಟೇಷನ್‌ನಲ್ಲಿ ಪ್ರತಿ ವರ್ಷ ಬರುತ್ತಿದೆ. ಅಷ್ಟೇ ಅಲ್ಲ, 2024ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ತನ್ನದೇ ನಾಲ್ಕು ಆಟಗಳನ್ನು ಬೇರೆ ಪೆಟ್ಟಿಗೆಗಳಿಗೆ ಕೊಡುವುದಾಗಿ ಹೇಳಿತು. 2025ರ ಏಪ್ರಿಲ್‌ನಲ್ಲಿ ಫೋರ್ಝಾ ಹೊರೈಝನ್ 5 ಎಂಬ ಕಾರಿನ ಆಟ ಪ್ಲೇಸ್ಟೇಷನ್‌ಗೆ ಬಂತು. ಅದರ ಹಿಂದಿನ ಕಂತೊಂದಕ್ಕೆ ಬೆಂಗಳೂರಿನ ಧ್ರುವ ಇಂಟರ್‌ಆ್ಯಕ್ಟಿವ್‌ನ ಕಲಾವಿದರು ಕೈಹಚ್ಚಿದ್ದರು. ಆಟ ಯಾವ ಪೆಟ್ಟಿಗೆಗೆ ಎಂಬ ಜಗಳ ಕಾರಿನ ಬಾಗಿಲಿನ ಹೊಳಪು ತಿದ್ದುವವನ ಮೇಜಿನ ತನಕ ಬರುವುದು ಅಪರೂಪ. ಸೋನಿ ಕೂಡ ತಾನು ಪ್ರಕಟಿಸಿದ ಹೆಲ್‌ಡೈವರ್ಸ್ 2 ಅನ್ನು 2025ರ ಆಗಸ್ಟ್‌ನಲ್ಲಿ ಎಕ್ಸ್‌ಬಾಕ್ಸ್‌ಗೆ ಕೊಟ್ಟಿತು.

ಆದರೆ ಯಾರೂ ಕೇಳದ ಪ್ರಶ್ನೆಗಳ ಬಿಲ್ ಬೇರೆ ಕಡೆ ಬಂತು. ವ್ಯವಹಾರ ಮುಗಿದು ಮೂರು ತಿಂಗಳಿಗೆ, 2024ರ ಜನವರಿಯಲ್ಲಿ, ಮೈಕ್ರೋಸಾಫ್ಟ್ ಗೇಮಿಂಗ್ ವಿಭಾಗದ 1,900 ಜನರನ್ನು ಮನೆಗೆ ಕಳಿಸಿತು. ಅದೇ ವರ್ಷದ ಮೇನಲ್ಲಿ ರೆಡ್‌ಫಾಲ್ ಮಾಡಿದ ಆರ್ಕೇನ್ ಆಸ್ಟಿನ್, ಜಪಾನಿನ ಟ್ಯಾಂಗೊ ಗೇಮ್‌ವರ್ಕ್ಸ್‌ಗಳ ಬಾಗಿಲು ಮುಚ್ಚುವ ಪ್ರಕಟಣೆ ಬಂತು. ಆರ್ಕೇನ್ ಆಸ್ಟಿನ್ ಎಕ್ಸ್‌ಕ್ಲೂಸಿವ್ ಆಟಕ್ಕಾಗಿ ಕೊಂಡ ತೋಟದ ಒಂದು ಭಾಗ. ಮೂರು ವರ್ಷಕ್ಕೆ ಮರ ಕಡಿದು ಹಾಕಿದರು. ಗೇಮ್ ಪಾಸ್ ಅಲ್ಟಿಮೇಟ್‌ನ ಅಮೆರಿಕದ ಮಾಸಿಕ ಚಂದಾ 2024ರಲ್ಲಿ 16.99ರಿಂದ 19.99 ಡಾಲರ್‌ಗೆ, 2025ರ ಅಕ್ಟೋಬರ್‌ನಲ್ಲಿ 29.99ಕ್ಕೆ ಏರಿತು. ಕಾಲ್ ಆಫ್ ಡ್ಯೂಟಿ ಚಂದಾದಾರರಿಗೆ ಮೊದಲ ದಿನದಿಂದಲೇ ಸಿಗುತ್ತದೆ ಎಂಬುದು ಆಟಗಾರರಿಗೆ ತೋರಿಸಿದ್ದ ಮುಖ್ಯ ಲಾಭ. 2024ರ ಕಂತು ಹಾಗೆ ಸಿಕ್ಕಿತು ಕೂಡ.

ಆಟವನ್ನು ತಡೆಹಿಡಿಯುತ್ತಾರೋ ಎಂದು ಮೂರು ಖಂಡಗಳಲ್ಲಿ ಕೇಳಿದರು. ತಡೆಹಿಡಿಯುವುದಕ್ಕೆ ದುಡ್ಡು ಖರ್ಚಾಗುತ್ತದೆ, ಗಿರಾಕಿ ಬೈಯುತ್ತಾನೆ, ನ್ಯಾಯಾಲಯ ಕರೆಯುತ್ತದೆ. ಕೊಟ್ಟುಕೊಂಡೇ ಬೆಲೆ ಏರಿಸುವುದಕ್ಕೆ, ಮಾಡುವವರ ಸಂಖ್ಯೆ ಇಳಿಸುವುದಕ್ಕೆ ಇದಾವುದರ ತಂಟೆಯಿಲ್ಲ. ಕೆಲಸ ಕಳೆದುಕೊಂಡವರ ಬಗ್ಗೆ, ಚಂದಾ ದರದ ಬಗ್ಗೆ ಎಫ್‌ಟಿಸಿ ಮೇಲ್ಮನವಿ ನ್ಯಾಯಾಲಯಕ್ಕೆ ಪತ್ರ ಬರೆಯಿತು ನಿಜ. ಆದರೆ ಮೂಲ ಮೊಕದ್ದಮೆಯನ್ನು ಪ್ಲೇಸ್ಟೇಷನ್ ಗಿರಾಕಿಯ ಸುತ್ತ ಕಟ್ಟಿದ ಮೇಲೆ ಎಕ್ಸ್‌ಬಾಕ್ಸ್ ಚಂದಾದಾರನ ಜೇಬಿನ ಮಾತು ಅಡಿಟಿಪ್ಪಣಿಯಂತೆ ಉಳಿಯಿತು.

2025ರ ಅಕ್ಟೋಬರ್ ಕೊನೆಯಲ್ಲಿ ಅಕ್ಕನ ಮಗ ಮತ್ತೆ ಫೋನ್ ಮಾಡಿದ. ಮೊದಲ ಹೇಲೊವನ್ನು ಹೊಸದಾಗಿ ಕಟ್ಟಿ 2026ರಲ್ಲಿ ಬಿಡುಗಡೆ ಮಾಡುತ್ತಾರೆ, ಪ್ಲೇಸ್ಟೇಷನ್‌ಗೂ ಬರುತ್ತದೆ ಎಂದು ಆ ವಾರ ಪ್ರಕಟವಾಗಿತ್ತು. ಅವನಿಗೆ ಖುಷಿ. ಪುಣೆಯ ಗೆಳೆಯನಿಗೆ ಮಾತ್ರ ಒಂಥರಾ ಮುಜುಗರವಂತೆ. ಹೇಲೊಗಾಗಿಯೇ ಕಾಲೇಜಿನಲ್ಲಿ ದುಡ್ಡು ಕೂಡಿಹಾಕಿ ಎಕ್ಸ್‌ಬಾಕ್ಸ್ ಕೊಂಡವನು ಅವನು.

“ಮುಂದಿನ ಎಕ್ಸ್‌ಬಾಕ್ಸ್ ಬಂದರೆ ಕೊಳ್ಳಬೇಕೋ ಬೇಡವೋ ಎಂದು ಕೇಳುತ್ತಿದ್ದಾನೆ, ಮಾಮಾ. ಏನು ಹೇಳಲಿ?”

“ಅವನು ತಿಂಗಳಿಗೆ ಚಂದಾ ಎಷ್ಟು ಕಟ್ಟುತ್ತಾನೆ ಕೇಳು” ಎಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಬೆರಳಲ್ಲಿ ಲೆಕ್ಕ ಹಾಕುತ್ತಿದ್ದ ಎಂದು ಕಾಣುತ್ತದೆ.